ಕಲಿಯಲು ಸೀಟಿದೆ, ಕೈ ಪಳಗಿಸಲು ಜಾಗವಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಕ್ಯಾನ್ಸರ್ ರೋಗಿಯ ಮೈಯೊಳಗೆ ವಿಕಿರಣ ಯಾವ ಕೋನದಿಂದ ಹೋಗಬೇಕು, ಎಷ್ಟು ಹೋಗಬೇಕು, ಯಾವ ಅಂಗವನ್ನು ಉಳಿಸಬೇಕು ಎಂದು ಕಂಪ್ಯೂಟರಿನಲ್ಲಿ ಪ್ಲಾನ್ ಹಾಕುವವರು ಮೆಡಿಕಲ್ ಡೋಸಿಮೆಟ್ರಿಸ್ಟ್‌ಗಳು. ಈ ಕಲಿಕೆಗೆ ಆಸ್ಪತ್ರೆಗಳಲ್ಲಿ ತರಬೇತಿ ಜಾಗ ಸಿಗುತ್ತಿಲ್ಲ ಎಂಬ ವಿಷಯವಾಗಿ ಇಲ್ಲಿಂದಲೂ ಅಮೆರಿಕದ ಕನ್ನಡಿಗರಿಂದಲೂ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ನಾನು ಬಿ.ಎಸ್ಸಿ. ರೇಡಿಯೋಥೆರಪಿ ಟೆಕ್ನಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಡೋಸಿಮೆಟ್ರಿಸ್ಟ್ ಆಗಬೇಕೆಂಬ ಆಸೆ. ನಮ್ಮಲ್ಲಿ ಆ ಹುದ್ದೆ ಇದೆಯೇ? ಈ ಡಿಗ್ರಿ ಇಟ್ಟುಕೊಂಡು ಅಮೆರಿಕದ ಪರೀಕ್ಷೆ ಬರೆಯಬಹುದೇ? — ವಿದ್ಯಾರ್ಥಿನಿ, ದಾವಣಗೆರೆ

ನೇರವಾಗಿ ಬರೆಯಲಾಗದು. ಅಲ್ಲಿ ಈ ವೃತ್ತಿಯ ಪ್ರಮಾಣಪತ್ರ ಕೊಡುವುದು ಎಂ.ಡಿ.ಸಿ.ಬಿ. ಎಂಬ ಮಂಡಳಿ. 2017ರಿಂದ ಅದರ ಪರೀಕ್ಷೆಗೆ ಕೂರಲು ಪದವಿಯ ಜೊತೆಗೆ ಜೆ.ಆರ್.ಸಿ.ಇ.ಆರ್.ಟಿ. ಎಂಬ ಮಾನ್ಯತೆ ಮಂಡಳಿಯ ಒಪ್ಪಿಗೆ ಪಡೆದ, ಕನಿಷ್ಠ 12 ತಿಂಗಳ ಡೋಸಿಮೆಟ್ರಿ ಕೋರ್ಸ್ ಮುಗಿಸಿರಲೇಬೇಕು. ಮೊದಲಿನಂತೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿತು ಪರೀಕ್ಷೆ ಕಟ್ಟುವ ದಾರಿ ಆಗಲೇ ಮುಚ್ಚಿತು. ತರಬೇತಿ ಜಾಗಗಳ ಮೇಲೆ ಒತ್ತಡ ಹೆಚ್ಚಲು ಇದೂ ಒಂದು ಕಾರಣ: ಕೋರ್ಸಿಲ್ಲದೆ ಪರೀಕ್ಷೆಯಿಲ್ಲ, ಆಸ್ಪತ್ರೆಯಿಲ್ಲದೆ ಕೋರ್ಸಿಲ್ಲ.

ನಮ್ಮಲ್ಲಿ ಪ್ಲಾನಿಂಗ್ ಕೆಲಸ ಬಹುಪಾಲು ಮೆಡಿಕಲ್ ಫಿಸಿಸಿಸ್ಟ್‌ಗಳ (ವಿಕಿರಣದ ಅಳತೆ, ಸುರಕ್ಷೆ ನೋಡಿಕೊಳ್ಳುವ ಭೌತಶಾಸ್ತ್ರಜ್ಞರ) ಕೈಯಲ್ಲಿದೆ. 2021ರ ರಾಷ್ಟ್ರೀಯ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಫಿಸಿಸಿಸ್ಟ್, ರೇಡಿಯೋಥೆರಪಿ ಟೆಕ್ನಾಲಜಿಸ್ಟ್ ಜೊತೆಗೆ ಡೋಸಿಮೆಟ್ರಿಸ್ಟ್ ಎಂಬ ಹೆಸರೂ ಇದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆಸ್ಪತ್ರೆಗಳಲ್ಲಿ ಹುದ್ದೆ ಹುಟ್ಟುವುದಿಲ್ಲ. ಫಿಸಿಸಿಸ್ಟ್ ಆಗಲು ಭೌತಶಾಸ್ತ್ರದ ತಳಹದಿ ಬೇಕು, ಎಂ.ಎಸ್ಸಿ. ಮೆಡಿಕಲ್ ಫಿಸಿಕ್ಸ್ ಮತ್ತು 12 ತಿಂಗಳ ಇಂಟರ್ನ್‌ಶಿಪ್, ಅಥವಾ ಎಂ.ಎಸ್ಸಿ. ಭೌತಶಾಸ್ತ್ರದ ನಂತರ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ಡಿಪ್ಲೊಮಾದಂಥ ದಾರಿ. ನಿಮ್ಮ ಡಿಗ್ರಿಯಿಂದ ಅಲ್ಲಿಗೆ ನೇರ ಸೇತುವೆ ಇಲ್ಲ. ಸದ್ಯಕ್ಕೆ ನಿಮ್ಮ ವಿಭಾಗದ ಪ್ಲಾನಿಂಗ್ ಕೋಣೆಯಲ್ಲಿ ಅಂಗಗಳ ಕಾಂಟೂರ್ (ಸಿ.ಟಿ. ಚಿತ್ರದ ಮೇಲೆ ಅಂಗದ ಅಂಚಿನ ಗೆರೆ) ಹಾಕುವುದನ್ನು ಕಲಿತುಕೊಳ್ಳಿ. ಯಾವ ದಾರಿ ಹಿಡಿದರೂ ಅದು ವ್ಯರ್ಥವಾಗದು.

ಪ್ರಶ್ನೆ: ನಮ್ಮದು ಎರಡು ಲಿನ್ಯಾಕ್ (ವಿಕಿರಣ ಚಿಕಿತ್ಸೆಯ ಯಂತ್ರ) ಇರುವ ಆಸ್ಪತ್ರೆ, ಮೂವರು ಡೋಸಿಮೆಟ್ರಿಸ್ಟ್‌ಗಳು. ವಿಶ್ವವಿದ್ಯಾಲಯದವರು ಇಬ್ಬರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ನಮ್ಮವರು ‘ಪುರುಸೊತ್ತಿಲ್ಲ’ ಎನ್ನುತ್ತಾರೆ. ಎಷ್ಟು ಜನರನ್ನು ನಿಭಾಯಿಸಬಹುದು ಎಂದು ಲೆಕ್ಕ ಹಾಕುವುದು ಹೇಗೆ? — ಕನ್ನಡಿಗ ಓದುಗರು, ವಿಸ್ಕಾನ್ಸಿನ್, ಅಮೆರಿಕ

ನಿಮ್ಮವರು ಹೇಳುವುದು ನಿಜವೂ ಇರಬಹುದು, ಅಭ್ಯಾಸದ ಮಾತೂ ಇರಬಹುದು. ಕಾಗದದ ಮೇಲೆ ಹಾಕಿ ನೋಡಿದರೆ ತಿಳಿಯುತ್ತದೆ. ಯಂತ್ರ ಎಷ್ಟಿವೆ ಎಂಬುದರಿಂದ ಶುರು ಮಾಡಬೇಡಿ. ಕಲಿಸುವವರ ಗಂಟೆ ಎಷ್ಟು ಉಳಿಯುತ್ತದೆ ಎಂಬುದರಿಂದ ಶುರು ಮಾಡಿ.

ಲೆಕ್ಕದ ಮಾದರಿ ಇದು; ಅಂಕಿಗಳನ್ನು ನಿಮ್ಮ ವಿಭಾಗಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಮೂವರು, ವಾರಕ್ಕೆ ತಲಾ 40 ಗಂಟೆ, ಒಟ್ಟು 120. ವಾರಕ್ಕೆ 14 ಹೊಸ ಪ್ಲಾನ್ ಎಂದಿಟ್ಟುಕೊಳ್ಳಿ: ಸರಳವಾದವು 5, ತಲಾ 2 ಗಂಟೆ, ಪ್ರಾಸ್ಟೇಟ್, ಶ್ವಾಸಕೋಶದಂಥ ವಿಮ್ಯಾಟ್ (ಯಂತ್ರ ಸುತ್ತುತ್ತಲೇ ವಿಕಿರಣ ಕೊಡುವ ಬಗೆ) 6, ತಲಾ 5 ಗಂಟೆ, ತಲೆ-ಕುತ್ತಿಗೆ ಮತ್ತು ಎಸ್.ಬಿ.ಆರ್.ಟಿ. (ಕೆಲವೇ ಕಂತಿನಲ್ಲಿ ಹೆಚ್ಚು ಡೋಸ್ ಕೊಡುವ ಬಗೆ) 3, ತಲಾ 9 ಗಂಟೆ. ಒಟ್ಟು 67 ಗಂಟೆ. ಮರುಪ್ಲಾನ್, ಸಿಮ್ಯುಲೇಶನ್ (ಪ್ಲಾನಿಗಾಗಿ ರೋಗಿಯನ್ನು ಮಲಗಿಸಿ ಸಿ.ಟಿ. ತೆಗೆಯುವುದು) ಹೊತ್ತಿಗೆ ಕೆಳಗೆ ಹೋಗಿ ನಿಲ್ಲುವುದು, ಚಾರ್ಟ್ ರೌಂಡ್ಸ್ (ರೋಗಿಗಳ ಪ್ಲಾನ್‌ಗಳನ್ನು ಒಟ್ಟಿಗೆ ಪರಿಶೀಲಿಸುವ ಸಭೆ), ವೈದ್ಯರ ಫೋನು, ಇವಕ್ಕೆಲ್ಲ 30 ಗಂಟೆ. ರಜೆ, ಕಾಯಿಲೆಗೆ 12. ಕಳೆದರೆ ಉಳಿಯುವುದು ವಾರಕ್ಕೆ 11 ಗಂಟೆ.

ಹೊಸ ವಿದ್ಯಾರ್ಥಿಗೆ ಮೊದಲ ಎರಡು ತಿಂಗಳು ದಿನಕ್ಕೆ ಒಂದೂವರೆ ಗಂಟೆಯಂತೆ ವಾರಕ್ಕೆ 7.5 ಗಂಟೆ ಮೀಸಲಿಡದಿದ್ದರೆ ಕಲಿಕೆ ನಡೆಯುವುದಿಲ್ಲ, ನೋಡಿಕೊಂಡು ಕೂರುವುದಷ್ಟೇ ನಡೆಯುತ್ತದೆ. ಆಮೇಲೆ ವಾರಕ್ಕೆ ಸುಮಾರು 3 ಗಂಟೆ ಸಾಕಾಗುತ್ತದೆ. ಅಂದರೆ ಇಬ್ಬರೂ ಒಟ್ಟಿಗೆ ಬಂದರೆ 15 ಗಂಟೆ ಬೇಕು, ನಿಮ್ಮಲ್ಲಿರುವುದು 11. ಆಗದು. ಒಬ್ಬರು ಸೆಪ್ಟೆಂಬರಿನಲ್ಲಿ, ಇನ್ನೊಬ್ಬರು ಡಿಸೆಂಬರಿನಲ್ಲಿ ಬಂದರೆ 3 ಮತ್ತು 7.5, ಹತ್ತೂವರೆ ಗಂಟೆ. ಆಗುತ್ತದೆ. ಒಬ್ಬ ನೌಕರರನ್ನೂ ಹೆಚ್ಚಿಸದೆ ಒಂದು ಜಾಗ ಎರಡಾಯಿತು. ತರಬೇತಿ ಜಾಗ ಹೆಚ್ಚಿಸಲು ನಮಗೆ ಗೊತ್ತಿರುವ ಅತಿ ಅಗ್ಗದ ಉಪಾಯ ಇದೇ: ಪ್ರವೇಶದ ದಿನಾಂಕವನ್ನು ಹಿಂದುಮುಂದು ಮಾಡುವುದು. ಅಡ್ಡಿ ಬರುವುದು ವಿಶ್ವವಿದ್ಯಾಲಯದ ಕಡೆಯಿಂದ, ಅವರ ಸೆಮಿಸ್ಟರ್ ಎಲ್ಲರಿಗೂ ಒಂದೇ ದಿನ ಶುರು. ಎರಡನೆಯವರಿಗೆ ಮೊದಲ ಮೂರು ತಿಂಗಳು ಬೇರೆ ಆಸ್ಪತ್ರೆಯನ್ನೋ ಪ್ಲಾನಿಂಗ್ ಲ್ಯಾಬನ್ನೋ ನೋಡಿಕೊಳ್ಳಿ ಎಂದು ಒಪ್ಪಂದದಲ್ಲೇ ಕೇಳಿ.

ಗಂಟೆ ಸಿಕ್ಕಿದರೂ ಜಾಗ ಸಿಗದ ಸಂದರ್ಭಗಳಿವೆ. ಪ್ಲಾನಿಂಗ್ ತಂತ್ರಾಂಶ ಎಕ್ಲಿಪ್ಸ್ ಆಗಲಿ ಮೊನಾಕೊ ಆಗಲಿ ರೇಸ್ಟೇಶನ್ ಆಗಲಿ, ಒಂದೇ ಹೊತ್ತಿಗೆ ಎಷ್ಟು ಜನ ಬಳಸಬಹುದು ಎಂಬುದಕ್ಕೆ ಲೈಸೆನ್ಸ್ ಮಿತಿ ಇರುತ್ತದೆ. ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಎಷ್ಟು ಲೈಸೆನ್ಸ್ ಖಾಲಿ ಇರುತ್ತವೆ ಎಂದು ಎರಡು ವಾರ ಬರೆದಿಡಿ. ಕಾಂಟೂರ್ ಹಾಕಲು ಒಂದು, ಡೋಸ್ ಲೆಕ್ಕಕ್ಕೆ ಇನ್ನೊಂದು ಎಂದು ಲೈಸೆನ್ಸ್ ಬೇರೆ ಬೇರೆ ಇದ್ದರೆ ಎರಡನ್ನೂ ನೋಡಿ. ಖಾಲಿ ಇರುವುದು ಸಂಜೆ ಮಾತ್ರ ಎಂದಾದರೆ ವಿದ್ಯಾರ್ಥಿಯ ಪಾಳಿಯನ್ನು ಸಂಜೆಗೆ ಚಾಚಬಹುದು, ಆದರೆ ಜೆ.ಆರ್.ಸಿ.ಇ.ಆರ್.ಟಿ. ನಿಯಮದಂತೆ ತರಗತಿ ಮತ್ತು ಆಸ್ಪತ್ರೆ ಎರಡೂ ಸೇರಿ ವಾರಕ್ಕೆ 40 ಗಂಟೆ, ಆಸ್ಪತ್ರೆಯಲ್ಲಿ ದಿನಕ್ಕೆ 10 ಗಂಟೆ ಮೀರುವಂತಿಲ್ಲ. ಕಲಿಸುವವರು ಮನೆಗೆ ಹೋದ ಮೇಲೆ ವಿದ್ಯಾರ್ಥಿ ಒಬ್ಬರೇ ಉಳಿಯುವ ಪಾಳಿಯಂತೂ ಬೇಡ.

ಇನ್ನು ಕಲಿಸುವ ಕ್ರಮ. ಮೊದಲ ಎರಡು ವಾರ ಸಿ.ಟಿ. ಸಿಮ್ಯುಲೇಟರ್ ಬಳಿಯೇ ಇರಲಿ. ತಲೆ ಅಲುಗದಂತೆ ಹಿಡಿಯುವ ಥರ್ಮೋಪ್ಲಾಸ್ಟಿಕ್ ಮಾಸ್ಕ್ ಹೇಗೆ ಕೂರುತ್ತದೆ, ಸ್ಲೈಸ್ 3 ಮಿ.ಮೀ. ಏಕೆ, ಟೇಬಲ್ಲಿನ ಅಂಚು ಚಿತ್ರದಲ್ಲಿ ಬರದಿದ್ದರೆ ಮುಂದೆ ಏನಾಗುತ್ತದೆ ಎಂಬುದನ್ನು ಅಲ್ಲೇ ಕಲಿಯಬೇಕು. ಆಮೇಲೆ ಸರಳ ಪ್ಲಾನ್, ಕೈಲೆಕ್ಕದ ಸಮೇತ. ಮಿದುಳಿಗೆ ಎರಡೂ ಪಕ್ಕದಿಂದ 10 ಕಂತಿನಲ್ಲಿ 30 ಗ್ರೇ (ವಿಕಿರಣ ಡೋಸಿನ ಮಾನ, 1 ಗ್ರೇ 100 ಸೆಂಟಿಗ್ರೇ) ಎಂದರೆ ಒಂದು ಕಂತಿಗೆ 300 ಸೆಂಟಿಗ್ರೇ, ಒಂದು ಫೀಲ್ಡಿಗೆ, ಅಂದರೆ ಒಂದು ಪಕ್ಕದಿಂದ ಬರುವ ಕಿರಣಕ್ಕೆ, 150. ಯಂತ್ರದ ಔಟ್‌ಪುಟ್ ಮೂಲದಿಂದ ಚರ್ಮಕ್ಕೆ 100 ಸೆಂ.ಮೀ. ದೂರವಿದ್ದಾಗ (ಎಸ್.ಎಸ್.ಡಿ.), 1.5 ಸೆಂ.ಮೀ. ಆಳದಲ್ಲಿ ಮಾನಿಟರ್ ಯೂನಿಟ್ಟಿಗೆ (ಯಂತ್ರ ವಿಕಿರಣವನ್ನು ಅಳೆದು ಕೊಡುವ ಎಣಿಕೆ) 1 ಸೆಂಟಿಗ್ರೇ, ಫೀಲ್ಡ್ ಗಾತ್ರದ ಗುಣಕ 1.03, ಆಳಕ್ಕೆ ಹೋದಂತೆ ಡೋಸ್ ಇಳಿಯುವ ಗುಣಕ ಟಿ.ಎಂ.ಆರ್. 0.86 ಎಂದಿಟ್ಟುಕೊಳ್ಳಿ. ಐಸೋಸೆಂಟರಿಗೆ (ಯಂತ್ರ ಸುತ್ತುವ ಕೇಂದ್ರಬಿಂದು, ಮೂಲದಿಂದ 100 ಸೆಂ.ಮೀ.) ಹೊಂದಿಸಿದ ಫೀಲ್ಡ್ ಆದ್ದರಿಂದ ದೂರದ ವರ್ಗದ ಗುಣಕ, 101.5ನ್ನು 100ರಿಂದ ಭಾಗಿಸಿ ವರ್ಗ ಮಾಡಿದರೆ 1.03. ಈ ಮೂರರ ಗುಣಲಬ್ಧ 0.912, 150ನ್ನು ಅದರಿಂದ ಭಾಗಿಸಿದರೆ 164 ಮಾನಿಟರ್ ಯೂನಿಟ್. ದೂರದ ಗುಣಕ ಮರೆತವರಿಗೆ 169 ಬರುತ್ತದೆ. 3 ಶೇಕಡ ತಪ್ಪು, ಕಣ್ಣಿಗೆ ಬೀಳದಷ್ಟು ಸಣ್ಣದು. ಅದಕ್ಕೇ ಕೈಲೆಕ್ಕ ಬೇಕು. ಕಂಪ್ಯೂಟರ್ ಕೊಟ್ಟದ್ದನ್ನು ಅನುಮಾನದಿಂದ ನೋಡುವ ಗುಣ ಬರುವುದು ಇಲ್ಲಿಂದ.

ನಂತರ ಸ್ತನದ ಟ್ಯಾಂಜೆಂಟ್ (ಎದೆಯನ್ನು ಓರೆಯಾಗಿ ಸವರಿಹೋಗುವ) ಫೀಲ್ಡ್‌ಗಳು, ಪ್ರಾಸ್ಟೇಟ್, ಉಸಿರಾಟದ ಚಲನೆ ಹಿಡಿಯುವ 4ಡಿ ಸಿ.ಟಿ.ಯ ಶ್ವಾಸಕೋಶ, ಕೊನೆಗೆ ತಲೆ-ಕುತ್ತಿಗೆ ಮತ್ತು ಎಸ್.ಬಿ.ಆರ್.ಟಿ. ಈ ಕ್ರಮವನ್ನು ಮುರಿಯುವುದು ಸಾಮಾನ್ಯವಾಗಿ ಆಸ್ಪತ್ರೆಯ ಅವಸರ. ಅಂದು ತಲೆ-ಕುತ್ತಿಗೆ ಕೇಸ್ ಬಂತು, ವಿದ್ಯಾರ್ಥಿ ಖಾಲಿ ಇದ್ದಾರೆ, ‘ಬಾ ಕೂತ್ಕೋ’. ಪ್ಲಾನನ್ನು ತಾನೇ ಹೊಂದಿಸುವ ಆಪ್ಟಿಮೈಸರ್‌ನಲ್ಲಿ ಅಂಕಿ ಒತ್ತುತ್ತಾ ಹೋಗುವುದನ್ನು ಕಲಿಯುತ್ತಾರೆ, ಡೋಸ್ ಏಕೆ ಹಾಗೆ ಹರಡಿತು ಎಂಬುದನ್ನು ಕಲಿಯುವುದಿಲ್ಲ.

ಒಂದು ಕೊನೆಯ ಮಾತು. ಹೊಸ ಆಸ್ಪತ್ರೆಗೆ ಮಾನ್ಯತೆ ಮಂಡಳಿಯ ಒಪ್ಪಿಗೆ ಬಂದ ಮೇಲೆಯೇ ವಿದ್ಯಾರ್ಥಿ ಕಾಲಿಡಬೇಕು. ಎರಡೂ ಕಡೆಯ ವಕೀಲರು ಒಪ್ಪಂದದ ಕಾಗದ ಓದಿ ಮುಗಿಸಲು ತಿಂಗಳುಗಳೇ ಬೇಕಾಗುತ್ತವೆ. ಹೊಣೆಗಾರಿಕೆಯ ವಿಮೆ ಯಾರದು, ವಿದ್ಯಾರ್ಥಿಯನ್ನು ವಾಪಸು ಕಳಿಸುವ ಅಧಿಕಾರ ಯಾರಿಗೆ ಎಂಬ ಎರಡೇ ಕಲಮುಗಳಲ್ಲಿ ಹೆಚ್ಚಿನ ಒಪ್ಪಂದಗಳು ಸಿಕ್ಕಿಕೊಳ್ಳುತ್ತವೆ. ಅವನ್ನು ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಒಂದೇ ಲಿನ್ಯಾಕ್, ಬ್ರ್ಯಾಕಿಥೆರಪಿ (ವಿಕಿರಣದ ಸೋರ್ಸನ್ನು ಗೆಡ್ಡೆಯ ಬಳಿ ಒಳಗೇ ಇಡುವ ಚಿಕಿತ್ಸೆ) ಇಲ್ಲ. ಮೆಡಿಕಲ್ ಫಿಸಿಕ್ಸ್ ಇಂಟರ್ನ್‌ಗಳನ್ನು ಕಳಿಸುತ್ತೇವೆ ಎಂದು ಕಾಲೇಜಿನವರು ಕೇಳಿದ್ದಾರೆ. ಎರಡು ಮೂರು ಆಸ್ಪತ್ರೆ ಸೇರಿ ತರಬೇತಿ ಕೊಡಬಹುದೇ? — ಫಿಸಿಸಿಸ್ಟ್, ಕಲ್ಯಾಣ ಕರ್ನಾಟಕ

ಸೇರಿಯೇ ಕೊಡಬೇಕು. ಒಂದು ಲಿನ್ಯಾಕ್ ಇರುವಲ್ಲಿ 12 ತಿಂಗಳು ಕಳೆದವರಿಗೆ ದಿನನಿತ್ಯದ ಕೆಲಸ ಚೆನ್ನಾಗಿ ಬರುತ್ತದೆ, ಅಪರೂಪದ್ದು ಬರುವುದಿಲ್ಲ. ಮೊದಲು ಕಾಲೇಜಿನಿಂದ ಬರಹದಲ್ಲಿ ಕೇಳಿಕೊಳ್ಳಿ: ಇಂಟರ್ನ್‌ಶಿಪ್ ಸುಸಜ್ಜಿತ ವಿಭಾಗದಲ್ಲಿ ಆಗಬೇಕು ಎಂಬ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಪೇಕ್ಷೆಗೆ ಈ ಹಂಚಿಕೆ ಒಗ್ಗುತ್ತದೆಯೇ ಎಂದು. ಮುಗಿದ ಮೇಲೆ ಪ್ರಮಾಣಪತ್ರದಲ್ಲಿ ಯಾವ ಆಸ್ಪತ್ರೆಯ ಹೆಸರು ಬರಬೇಕು ಎಂಬ ತಗಾದೆ ತೆಗೆದರೆ ನಷ್ಟ ಆಗುವುದು ಇಂಟರ್ನಿಗೆ.

ಹಂಚಿಕೆ ಹೀಗಿರಲಿ: ನಿಮ್ಮಲ್ಲಿ 7 ತಿಂಗಳು, ಬೆಂಗಳೂರಿನ ಕಿದ್ವಾಯಿ ಅಥವಾ ಮಣಿಪಾಲದಂಥ, ಬಗೆಬಗೆಯ ಕೇಸುಗಳು ಬರುವ ದೊಡ್ಡ ಕೇಂದ್ರದಲ್ಲಿ 3 ತಿಂಗಳು, ಬ್ರ್ಯಾಕಿಥೆರಪಿಗೆ 6 ವಾರ, ಉಳಿದ ಎರಡು ವಾರ ವಿಕಿರಣ ಸುರಕ್ಷೆಯ ಕೆಲಸಕ್ಕೆ. ಬ್ರ್ಯಾಕಿಥೆರಪಿಯ 6 ವಾರವನ್ನು ಕುರುಡಾಗಿ ಗೊತ್ತು ಮಾಡಬೇಡಿ. ಅದರ ಸೋರ್ಸ್ ಆದ ಇರಿಡಿಯಂ-192ರ ಅರ್ಧಾಯುಷ್ಯ ಸುಮಾರು 74 ದಿನ, ಹಾಗಾಗಿ ಮೂರು ನಾಲ್ಕು ತಿಂಗಳಿಗೊಮ್ಮೆ ಸೋರ್ಸ್ ಬದಲಿಸುತ್ತಾರೆ. ಆ ದಿನಾಂಕ ಕೇಳಿಕೊಂಡು, ಇಂಟರ್ನ್‌ನ ಸರದಿ ಅದನ್ನು ಒಳಗೊಳ್ಳುವಂತೆ ಇಡಿ. ಹೊಸ ಸೋರ್ಸಿನ ಬಲ ಅಳೆಯುವುದು, ಸರಬರಾಜುದಾರರ ಪತ್ರದ ಅಂಕಿಯ ಜೊತೆ ತಾಳೆ ನೋಡುವುದು, ಪ್ಲಾನಿಂಗ್ ಸಿಸ್ಟಮ್ಮಿಗೆ ತುಂಬುವುದು ಇವೆಲ್ಲ ಆ ಒಂದು ದಿನದಲ್ಲಿ ಸಿಗುತ್ತವೆ. ತಪ್ಪಿದರೆ ಮತ್ತೆ ಮೂರು ತಿಂಗಳು ಕಾಯಬೇಕು.

ಹೆಚ್ಚಾಗಿ ಕೈಕೊಡುವುದು ಸಣ್ಣ ಸಂಗತಿಗಳೇ. ಒಂದು ಕಡೆ ಎಕ್ಲಿಪ್ಸ್, ಇನ್ನೊಂದು ಕಡೆ ಮೊನಾಕೊ ಇದ್ದರೆ ಮೊದಲ ವಾರ ಗುಂಡಿ ಹುಡುಕುವುದರಲ್ಲೇ ಕಳೆಯುತ್ತದೆ; ಹೋಗುವ ಮೊದಲೇ ಅಲ್ಲಿಯ ಸಿಸ್ಟಮ್ಮಿನ ಕೈಪಿಡಿ ಓದಿಸಿ. ಬೆನ್ನುಹುರಿಯಂಥ ಅಂಗದ ಹೆಸರನ್ನು ಒಬ್ಬರು ‘ಕಾರ್ಡ್’ ಎಂದೂ ಇನ್ನೊಬ್ಬರು ‘ಎಸ್‌ಸಿ’ ಎಂದೂ ಬರೆದರೆ ಟೆಂಪ್ಲೇಟ್ ಕೂರುವುದಿಲ್ಲ, ಡೋಸ್ ಮಿತಿಯ ಪಟ್ಟಿ ಖಾಲಿ ಬರುತ್ತದೆ. ಅಮೆರಿಕದ ಮೆಡಿಕಲ್ ಫಿಸಿಸಿಸ್ಟ್‌ಗಳ ಎ.ಎ.ಪಿ.ಎಂ. ಸಂಸ್ಥೆಯ ಟಿ.ಜಿ.-263 ವರದಿಯ ಹೆಸರುಗಳನ್ನು ಮೂರೂ ಕಡೆ ಒಪ್ಪಿಕೊಳ್ಳಿ. ಮೈಗೆ ಬಿದ್ದ ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜ್ ತ್ರೈಮಾಸಿಕ ಲೆಕ್ಕದ್ದು, ಬೇಕೆಂದ ದಿನ ಕೈಗೆ ಬರುವುದಿಲ್ಲ. ಇಂಟರ್ನ್ ಬರುವ ತಿಂಗಳು ಗೊತ್ತಾದ ಕೂಡಲೇ ಅರ್ಜಿ ಹಾಕಿ, ಹಳೆಯ ಡೋಸ್ ದಾಖಲೆ ಜೊತೆಗೇ ಹೋಗುವಂತೆ ನೋಡಿಕೊಳ್ಳಿ.

ಪ್ರಶ್ನೆ: ನಿಜವಾದ ಆಸ್ಪತ್ರೆ ಜಾಗ ಸಿಗುವವರೆಗೆ ಹಳೆಯ ರೋಗಿಗಳ ಸಿ.ಟಿ. ಇಟ್ಟುಕೊಂಡು ಕಾಲೇಜಿನಲ್ಲೇ ಪ್ಲಾನಿಂಗ್ ಕಲಿಸಿದರೆ ಸಾಕೇ? — ಅಧ್ಯಾಪಕರು, ಮಂಗಳೂರು

ಸಾಲದು, ಆದರೆ ಅರ್ಧ ಭಾರ ಇಳಿಯುತ್ತದೆ. ಆಸ್ಪತ್ರೆಯವರ ಗಂಟೆ ಹೆಚ್ಚು ತಿನ್ನುವುದು ಮೊದಲ ಎರಡು ತಿಂಗಳು ಎಂದು ಮೇಲೆ ಹೇಳಿದೆವು. ಆ ಎರಡು ತಿಂಗಳ ಬಹುಪಾಲನ್ನು ನೀವು ಲ್ಯಾಬಿನಲ್ಲೇ ಮುಗಿಸಿ ಕಳಿಸಿದರೆ, ಒಬ್ಬರನ್ನು ಒಲ್ಲೆ ಎನ್ನುತ್ತಿದ್ದ ಆಸ್ಪತ್ರೆ ಇಬ್ಬರನ್ನು ತೆಗೆದುಕೊಳ್ಳಲು ಒಪ್ಪಬಹುದು.

40 ಕೇಸುಗಳ ಸಂಗ್ರಹ ಸಾಕು: ಮೂಳೆ ಮತ್ತು ಮಿದುಳಿನ ಸರಳ ಕೇಸು 8, ಸ್ತನ 8, ಗರ್ಭಕಂಠ ಮತ್ತು ಪ್ರಾಸ್ಟೇಟ್ 10, ಶ್ವಾಸಕೋಶ 6, ತಲೆ-ಕುತ್ತಿಗೆ 8. ನಮ್ಮ ಕಡೆ ಬಾಯಿ ಕ್ಯಾನ್ಸರ್ ಹೆಚ್ಚಾದ್ದರಿಂದ ತಲೆ-ಕುತ್ತಿಗೆಯಲ್ಲಿ ಅರ್ಧದಷ್ಟಾದರೂ ಶಸ್ತ್ರಚಿಕಿತ್ಸೆಯ ನಂತರದವು ಇರಲಿ. ಅಂಗರಚನೆ ಕದಲಿರುವ ಕೇಸುಗಳಲ್ಲೇ ಕಾಂಟೂರ್ ಪರೀಕ್ಷೆಗೆ ಬೀಳುವುದು.

ಗುರುತು ಅಳಿಸುವಾಗ ಎಚ್ಚರ. ಹೆಸರು, ಆಸ್ಪತ್ರೆ ಸಂಖ್ಯೆ, ಹುಟ್ಟಿದ ದಿನ ತೆಗೆದು ಕೈತೊಳೆದುಕೊಂಡರೆ ಆಗದು. ಡೈಕಾಮ್ (ವೈದ್ಯಕೀಯ ಚಿತ್ರಗಳನ್ನು ಇಡುವ ಮಾದರಿ) ಫೈಲಿನ ಖಾಸಗಿ ಟ್ಯಾಗ್‌ಗಳಲ್ಲಿ, ಪ್ಲಾನಿನ ಹೆಸರಿನಲ್ಲಿ, ಟಿಪ್ಪಣಿಗಳಲ್ಲಿ ರೋಗಿಯ ಹೆಸರು ಅಡಗಿರುತ್ತದೆ. ತಲೆಯ ಸಿ.ಟಿ.ಯಿಂದ ಮುಖವನ್ನೇ ಮೂರು ಆಯಾಮದಲ್ಲಿ ಮೂಡಿಸಬಹುದು. ಹಾಗಾಗಿ ಆ ಕೇಸುಗಳು ಲ್ಯಾಬಿನ ಕಂಪ್ಯೂಟರಿನಿಂದ ಹೊರಗೆ ಹೋಗದಿರಲಿ, ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಬರಹದಲ್ಲಿರಲಿ. ಇನ್ನೊಂದು ತಾಂತ್ರಿಕ ತೊಡಕು: ಸಿ.ಟಿ., ಸ್ಟ್ರಕ್ಚರ್ (ಕಾಂಟೂರ್‌ಗಳ ಫೈಲು), ಪ್ಲಾನ್, ಡೋಸ್ ನಾಲ್ಕೂ ಫೈಲುಗಳು ಯು.ಐ.ಡಿ. ಎಂಬ ಉದ್ದನೆಯ ಸಂಖ್ಯೆಯಿಂದ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಸಿ.ಟಿ.ಯ ಗುರುತನ್ನು ಇಂದು, ಸ್ಟ್ರಕ್ಚರಿನದನ್ನು ನಾಳೆ ಬೇರೆ ಬೇರೆಯಾಗಿ ಅಳಿಸಿದರೆ ಸಂಖ್ಯೆಗಳು ಹೊಂದದೆ ಕಾಂಟೂರ್‌ಗಳು ಚಿತ್ರದ ಮೇಲೆ ಕೂರುವುದೇ ಇಲ್ಲ. ನಾಲ್ಕನ್ನೂ ಒಂದೇ ಸಲಕ್ಕೆ ಹಾಯಿಸಿ. ಸ್ವಂತ ಕೇಸು ಸಿಗದಿದ್ದರೆ ‘ದಿ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್’ನಲ್ಲಿ ಸಾರ್ವಜನಿಕ ಚಿತ್ರಗಳಿವೆ. ಜರ್ಮನಿಯ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮ್ಯಾಟ್‌ರ್‍ಯಾಡ್ ತಂತ್ರಾಂಶ ಉಚಿತ. ರೋಗಿಯ ಚಿಕಿತ್ಸೆಗೆ ಅಲ್ಲ, ಕಲಿಕೆಗೆ ಧಾರಾಳವಾಗಿ ಆಗುತ್ತದೆ.

ಅಂಕ ಕೊಡುವಾಗ ಅಂಗಗಳು ತಾಳುವ ಡೋಸ್ ಹೇಳುವ ಕ್ವಾಂಟೆಕ್ 2010ರ ಮಿತಿಗಳನ್ನು ಆಧಾರ ಮಾಡಿಕೊಳ್ಳಿ: ಬೆನ್ನುಹುರಿಗೆ ಗರಿಷ್ಠ 50 ಗ್ರೇ, ಎರಡೂ ಪರೋಟಿಡ್‌ಗೆ (ಕಿವಿಯ ಬಳಿಯ ಜೊಲ್ಲುಗ್ರಂಥಿ) ಸರಾಸರಿ 25 ಗ್ರೇ ಒಳಗೆ, 20 ಗ್ರೇ ಅಥವಾ ಹೆಚ್ಚು ಬೀಳುವ ಶ್ವಾಸಕೋಶದ ಭಾಗ 30 ಶೇಕಡ ಮೀರದಂತೆ. ಆದರೆ ಅಂಕಿ ಮಿತಿಯೊಳಗಿದೆ ಎಂದಷ್ಟಕ್ಕೇ ಪಾಸು ಮಾಡಬೇಡಿ. ಡಿ.ವಿ.ಎಚ್. ರೇಖೆ (ಅಂಗದ ಎಷ್ಟು ಭಾಗಕ್ಕೆ ಎಷ್ಟು ಡೋಸ್ ಎಂಬುದರ ನಕ್ಷೆ) ಚೆಂದವಿದ್ದೂ ಹಾಟ್‌ಸ್ಪಾಟ್ (ಡೋಸ್ ಹೆಚ್ಚಾದ ಜಾಗ) ದವಡೆ ಮೂಳೆಯ ಮೇಲೆ ಕೂತಿರಬಹುದು. ರೇಖೆ ಅದು ಎಲ್ಲಿದೆ ಎಂದು ಹೇಳುವುದಿಲ್ಲ. ಸ್ಲೈಸ್ ಸ್ಲೈಸಾಗಿ ಓಡಿಸಿ ತೋರಿಸು ಎನ್ನಿ.

ಲ್ಯಾಬ್ ಕಲಿಸಲಾರದ್ದು ಒಂದಿದೆ. ಮೂರನೇ ವಾರಕ್ಕೆ ರೋಗಿ ತೂಕ ಇಳಿದು ಮಾಸ್ಕ್ ಸಡಿಲವಾದಾಗ, ಶುಕ್ರವಾರ ಸಂಜೆ ವೈದ್ಯರು ಟಾರ್ಗೆಟ್ ಬದಲಿಸಿದಾಗ, ಫಿಸಿಸಿಸ್ಟ್ ನಡೆಸಿದ ಗಾಮಾ ಪರೀಕ್ಷೆ (ಪ್ಲಾನಿನ ಡೋಸಿಗೂ ಅಳೆದ ಡೋಸಿಗೂ ತಾಳೆ) 3 ಶೇಕಡ, 2 ಮಿ.ಮೀ. ಅಳತೆಗೆ 95 ಬದಲು 88 ಶೇಕಡ ಬಂದಾಗ ಏನು ಮಾಡಬೇಕು ಎಂಬುದು. ಅದಕ್ಕೆ ಆಸ್ಪತ್ರೆಯೇ ಬೇಕು.

ಪ್ರಶ್ನೆ: ಮಗಳಿಗೆ ಅಮೆರಿಕದ ಕೋರ್ಸಿಗೆ ಸೀಟು ಸಿಗುವ ಹಾಗಿದೆ. ಹಣ ಕಟ್ಟುವ ಮೊದಲು ಏನೇನು ಕೇಳಬೇಕು? — ಪೋಷಕರು, ಹಾಸನ

ಆಸ್ಪತ್ರೆ ಜಾಗವನ್ನು ಕಾಲೇಜೇ ಕೊಡುತ್ತದೆಯೋ, ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕೋ ಎಂಬುದು ಮೊದಲ ಪ್ರಶ್ನೆ. ಉತ್ತರ ಇ-ಮೇಲಿನಲ್ಲಿ ಬರಲಿ. ಆಸ್ಪತ್ರೆ ಯಾವ ಊರು, ನಡುವೆ ಬದಲಾದರೆ ಬಾಡಿಗೆ, ಕಾರಿನ ಖರ್ಚು ಯಾರದು? ಸಂಬಳ ಸಾಮಾನ್ಯವಾಗಿ ಇರುವುದಿಲ್ಲ ಎಂದುಕೊಂಡೇ ಲೆಕ್ಕ ಹಾಕಿ.

ವೀಸಾದ ವಿಷಯ ಅದಕ್ಕಿಂತ ಮುಖ್ಯ. ವಿಸ್ಕಾನ್ಸಿನ್-ಲಾಕ್ರಾಸ್‌ನಂಥ ವಿಶ್ವವಿದ್ಯಾಲಯದಲ್ಲಿ ಪಾಠ ಆನ್‌ಲೈನಿನಲ್ಲಿ, ತರಬೇತಿ ದೇಶದ ಬೇರೆ ಬೇರೆ ಆಸ್ಪತ್ರೆಗಳಲ್ಲಿ. ಅಲ್ಲಿನವರಿಗೆ ಅದು ವರ. ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಮಾತ್ರ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಪಾಠವನ್ನು, 3 ಕ್ರೆಡಿಟ್‌ವರೆಗೆ, ಪೂರ್ಣಾವಧಿ ಓದಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಈ ಕೋರ್ಸಿಗೆ ಐ-20 (ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಪತ್ರ) ಕೊಡುತ್ತೀರಾ, ಆಸ್ಪತ್ರೆ ತರಬೇತಿಗೆ ಯಾವ ಅನುಮತಿ ಬೇಕು ಎಂದು ಅಲ್ಲಿಯ ವಿದೇಶಿ ವಿದ್ಯಾರ್ಥಿ ಕಚೇರಿಯನ್ನೇ ಕೇಳಿ. ಏಜೆಂಟರ ಮಾತು ನಂಬಬೇಡಿ.

ಪ್ರಶ್ನೆ: ನಾಲ್ಕು ತಿಂಗಳಿಂದ ನನಗೆ ಕೊಟ್ಟಿರುವುದು ಕಾಂಟೂರ್ ಕೆಲಸ ಮಾತ್ರ. ಒಮ್ಮೊಮ್ಮೆ ಸೀನಿಯರ್ ಲಾಗಿನ್‌ನಲ್ಲೇ ಪ್ಲಾನ್ ಮಾಡು ಎನ್ನುತ್ತಾರೆ. ಸರಿಯೇ? — ಇಂಟರ್ನ್, ಹುಬ್ಬಳ್ಳಿ

ಎರಡನೆಯದು ಖಂಡಿತ ಸರಿಯಲ್ಲ. ಬೇರೆಯವರ ಲಾಗಿನ್‌ನಲ್ಲಿ ಮಾಡಿದ ತಪ್ಪಿಗೆ ದಾಖಲೆಯಲ್ಲಿ ಹೊಣೆ ಅವರು, ಆಸ್ಪತ್ರೆಯ ಒಳಗೆ ಹೊಣೆ ನೀವು. ನಿಮ್ಮದೇ ಲಾಗಿನ್ ಕೇಳಿ. ಅದರಲ್ಲಿ ಪ್ಲಾನ್ ಮಾಡುವ ಹಕ್ಕಿರಲಿ, ಅಪ್ರೂವ್ ಮಾಡುವ ಹಕ್ಕು ಇರಬಾರದು. ಚಿಕಿತ್ಸೆಗೆ ಹೋಗುವ ಪ್ಲಾನನ್ನು ಮುಟ್ಟದೆ ತಂತ್ರಾಂಶದಲ್ಲಿ ಬೇರೆ ಕೋರ್ಸ್ (ಪ್ಲಾನ್‌ಗಳನ್ನು ಇಡುವ ಕಡತ) ತೆರೆದು, ವಿದ್ಯಾರ್ಥಿಯದೆಂದು ತಿಳಿಯಲು ಹೆಸರಿನ ಮೊದಲಿಗೆ ‘ಎಸ್‌ಟಿ’ ಎಂದು ಸೇರಿಸಿ ನಿಮ್ಮದನ್ನು ಮಾಡಿ.

ಮೊದಲನೆಯದಕ್ಕೆ ಲಾಗ್‌ಬುಕ್ಕೇ ಮದ್ದು. ದಿನಾಂಕ, ಅಂಗ, ತಂತ್ರ, ನೀವು ಮಾಡಿದ ಹಂತ, ತಿದ್ದಿದವರ ಸಹಿ, ಏನು ತಿದ್ದಿದರು ಎಂಬ ಒಂದು ಸಾಲು. ತಿಂಗಳ ಕೊನೆಗೆ ಅದನ್ನು ಕಾಲೇಜಿನ ಸಂಯೋಜಕರಿಗೆ ಕಳಿಸಿ. 60 ಕಾಂಟೂರ್, ಸೊನ್ನೆ ಪ್ಲಾನ್ ಎಂಬ ಪುಟವೇ ನಿಮ್ಮ ಪರವಾಗಿ ಮಾತಾಡುತ್ತದೆ, ನೀವು ಯಾರ ಮೇಲೂ ದೂರು ಹೇಳಬೇಕಾಗಿಲ್ಲ.

ಪ್ರಶ್ನೆ: ಈಗ ಕಾಂಟೂರನ್ನು ಎ.ಐ. ತಂತ್ರಾಂಶವೇ ಹಾಕುತ್ತದಲ್ಲ, ವಿದ್ಯಾರ್ಥಿಗೆ ಅದನ್ನು ಕಲಿಸುವುದು ಬೇಕೇ? — ತಂತ್ರಜ್ಞರು, ಶಿವಮೊಗ್ಗ

ಬೇಕು. ಮೊದಲ ಮೂರು ತಿಂಗಳು ಆ ಗುಂಡಿಯನ್ನು ವಿದ್ಯಾರ್ಥಿಯ ಲಾಗಿನ್‌ನಿಂದ ತೆಗೆಸಿಬಿಡಿ. ಆಮೇಲೆ ಕೈಯಲ್ಲಿ ಹಾಕಿದ್ದನ್ನೂ ತಂತ್ರಾಂಶ ಹಾಕಿದ್ದನ್ನೂ ಒಂದರ ಮೇಲೊಂದು ಇಟ್ಟು, ವ್ಯತ್ಯಾಸ ಇರುವ ಸ್ಲೈಸುಗಳಲ್ಲಿ ಯಾರು ಸರಿ ಎಂದು ವಾದಿಸಲು ಹೇಳಿ. ಸೊಂಟದಲ್ಲಿ ಲೋಹದ ಕೀಲು ಇರುವವರು, ಗುದನಾಳದಲ್ಲಿ ಗಾಳಿ ತುಂಬಿರುವವರು, ದವಡೆ ತೆಗೆಸಿಕೊಂಡವರು, ಈ ಮೂರು ಬಗೆಯ ಕೇಸುಗಳನ್ನು ಬೇಕೆಂದೇ ಕೊಡಿ. ತಂತ್ರಾಂಶ ಎಡವುವುದು ಹೆಚ್ಚಾಗಿ ಅಲ್ಲೇ.